ಯಾರೂ ಬೇಡ ಅನ್ನಲಿಲ್ಲ: ಶಿಡ್ಲಘಟ್ಟದ ಒಂದು ಹುಳದ ಮನೆಯ ಪ್ರಕರಣ

ಆಶಾ ಕಾರ್ಯಕರ್ತೆ ಫೋನ್ ಮಾಡಿದ್ದು ಬೆಳಿಗ್ಗೆ 11ರ ಹೊತ್ತಿಗೆ. "ಮೇಡಂ, ನಮ್ಮೂರ ಹುಡುಗಿ ಒಬ್ಬಳನ್ನ ಆಸ್ಪತ್ರೆಗೆ ಕರ್ಕೊಂಡು ಬಂದಿದೀನಿ. ತಿಂಗಳು ತಪ್ಪಿದೆ. ತೆಗೆಸ್ಬೇಕು ಅಂತಾಳೆ. ಜೊತೆಗೇ ಆಪರೇಷನ್ ಮಾಡಿಸ್ಕೊಂಡ್ರೆ ಮಾತ್ರ ತೆಗೀತೀವಿ ಅಂತಿದಾರೆ. ಗಂಡನ ಸೈನೂ ಬೇಕಂತೆ."

ನಾನು ಆಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆಶಾಗಳಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೆ. ಇಂಥ ಫೋನ್ ಹೊಸದಲ್ಲ. ಗಂಡ ಒಪ್ಪಿರಲ್ಲ, ಅತ್ತೆಗೆ ಇನ್ನೊಂದು ಗಂಡು ಮಗು ಬೇಕಿರುತ್ತೆ ಅಂತ ಬಸ್ಸಿನಲ್ಲಿ ಕೂತೇ ಕಥೆ ಕಟ್ಟಿಕೊಂಡು ಹೋದೆ. ಹೋಗಿ ಕೇಳಿದರೆ ಆ ಕಥೆಯಲ್ಲಿ ಒಂದು ಮಾತೂ ನಿಜ ಇರಲಿಲ್ಲ.

ಆ ಹುಡುಗಿಯನ್ನು ಇಲ್ಲಿ ಮಂಜುಳಾ ಅನ್ನುತ್ತೇನೆ. ಅವರ ಹೆಸರು ಅದಲ್ಲ. ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ, ಒಂದೇ ಷರತ್ತಿನ ಮೇಲೆ: "ನಮ್ಮತ್ತೇನ ಕೆಟ್ಟೋರು ಅಂತ ಬರೀಬೇಡಿ."

ಮನೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ, ಒಂದು ಬೋರ್‌ವೆಲ್, ಎರಡು ಸೀಮೆಹಸು. ಮನೆಯಲ್ಲಿ ಗಂಡ, ಅತ್ತೆ, ಮಾವ, ಮಂಜುಳಾ, 4 ವರ್ಷದ ಮಗಳು, ಇನ್ನೂ ಎದೆಹಾಲು ಕುಡಿಯುವ ಮಗ. ಮಂಜುಳಾಗೆ 24. ಪಿಯುಸಿ ಓದಿದ್ದಾರೆ. ವರ್ಷಕ್ಕೆ 5-6 ಬೆಳೆ ರೇಷ್ಮೆ ಎತ್ತುತ್ತಾರೆ. ಮನೆ ನಡೆಯುವುದು ಗೂಡಿನ ದುಡ್ಡಿನಲ್ಲಿ.

ಈ ಕಡೆಯವರಿಗೆ ಇದನ್ನೆಲ್ಲ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ 'ಜ್ವರ' ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ಎದ್ದ ಮೇಲೆ ತಿನ್ನುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ 7-8 ದಿನ ಮನೆಮಂದಿಗೆ ನಿದ್ದೆಯೇ ಇಲ್ಲ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಮುಗಿಯುತ್ತದೆ. ಆಮೇಲೆ ಹುಳ ಹಣ್ಣಾಗುತ್ತದೆ. ಅದನ್ನು ಆರಿಸಿ ಚಂದ್ರಂಕಿಗೆ, ಅಂದರೆ ಹುಳ ಗೂಡು ಕಟ್ಟುವ ತಟ್ಟಿಗೆ, ಬಿಡಬೇಕು. ಅಲ್ಲಿಂದ ಐದಾರು ದಿನಕ್ಕೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ.

ಇನ್ನೊಂದು ಸಂಗತಿ ಇದೆ. ಈ ಪ್ರಕರಣಕ್ಕೆ ಬೇಕಾಗಿರುವುದು ಅದೇ. ಮುಟ್ಟಾದವರು ಹುಳದ ಮನೆಯೊಳಗೆ ಕಾಲಿಡುವಂತಿಲ್ಲ. ಇದು ಈ ಮನೆಯ ಕಟ್ಟುನಿಟ್ಟು. ಸೊಪ್ಪು ಕೊಯ್ಯಬಹುದು, ಹಸು ನೋಡಿಕೊಳ್ಳಬಹುದು, ಹುಳಕ್ಕೆ ಸೊಪ್ಪು ಹಾಕುವಂತಿಲ್ಲ. ಹಾಗಾಗಿ ಈ ಮನೆಯ ಹೆಂಗಸಿಗೆ ಮುಟ್ಟಾಗಿದೆಯೋ ಇಲ್ಲವೋ ಅನ್ನೋದು ಮನೆಗೆ ಮಾತ್ರ ಅಲ್ಲ, ಬೀದಿಯಲ್ಲಿ ಹೋಗುವವರಿಗೂ ತಿಳಿಯುತ್ತದೆ. ಯಾರು ಒಳಗಿದ್ದಾರೆ, ಯಾರು ಜಗಲಿಯಲ್ಲಿ ಕೂತಿದ್ದಾರೆ ಅಂತ ನೋಡಿದರೆ ಸಾಕು.

ಹೆರಿಗೆಯ ದಿನ

ಎರಡನೇ ಹೆರಿಗೆ ಆಷಾಢದಲ್ಲಿ. ಮಗು 1.9 ಕೆಜಿ. ಇನ್ನು ಮಕ್ಕಳು ಬೇಡ ಅನ್ನೋದು ಆಗಲೇ ಎಲ್ಲರ ಮಾತು. ಅತ್ತೆಯೇ ಮೊದಲು ಹೇಳಿದ್ದು. ಮಂಜುಳಾ ಕೇಳಿದ್ದು ಸ್ವಲ್ಪ ಕಾಲ ಮಾತ್ರ. "ಕೂಸು ತೂಕ ಬರ್ಲಿ, ಎರಡು ಮೂರು ವರ್ಷ ದಾಟ್ಲಿ, ಆಮೇಲೆ ಆಪರೇಷನ್ ಮಾಡಿಸ್ಕೊಳ್ತೀನಿ." ಗಂಡ ಹೂಂ ಅಂದರು. ಅತ್ತೆಯೂ ಹೂಂ ಅಂದರು. ಹುಟ್ಟಿದಾಗಲೇ ಸಣ್ಣಗಿರುವ ಮಗುವನ್ನು ನೋಡಿದ ಯಾರಾದರೂ ಹೂಂ ಅನ್ನುತ್ತಾರೆ.

ಇದಕ್ಕೆ ಸರಿಯಾದ ಸಾಧನ ಅಂದೇ ಅಲ್ಲೇ ಇತ್ತು. ಹೆರಿಗೆಯಾದ 48 ಗಂಟೆಯೊಳಗೆ ಕಾಪರ್ ಟಿ ಹಾಕಬಹುದು. ನಮ್ಮ ಕಡೆ ವಂಕಿ ಅಂತಾರೆ. ಆಸ್ಪತ್ರೆಯಲ್ಲಿ ಕೇಳಿದರು ಕೂಡ. ಆದರೆ ಕೇಳಿದ್ದು ಯಾವಾಗ? ನೋವು ಜೋರಾಗಿ ಹಲ್ಲು ಕಚ್ಚಿಕೊಂಡು ಮಲಗಿದ್ದಾಗ. "ವಂಕಿ ಹಾಕ್ಲಾ, ಹೇಳಮ್ಮ ಬೇಗ." ಮಂಜುಳಾಗೆ ಮಾತೇ ಬರಲಿಲ್ಲ. ಬಾಗಿಲಲ್ಲಿದ್ದ ಅವರಮ್ಮ ಬೇಡ ಅಂದರು. ಅವರೂರಲ್ಲಿ ಯಾರಿಗೋ ವಂಕಿ ಹೊಟ್ಟೆಯೊಳಗೆ ಮೇಲಕ್ಕೆ ಹತ್ತಿತ್ತಂತೆ. ಈ ಯಾರಿಗೋ ಅನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಕೆಲಸ ಗೊತ್ತಿರುವ ಡಾಕ್ಟರು, ನರ್ಸು ಹಾಕಿದರೆ ಗರ್ಭಕೋಶ ತೂತಾಗುವುದು ತೀರಾ ಅಪರೂಪ. ಸ್ವಲ್ಪ ಜನರಿಗೆ ವಂಕಿ ತಾನಾಗಿ ಕೆಳಗೆ ಜಾರಿ ಬೀಳುತ್ತದೆ, ಅಷ್ಟೇ. ಈ ಮಾತನ್ನು ಬಸುರಿ ತಪಾಸಣೆಯ ದಿನಗಳಲ್ಲೇ ಕೂತು ಆಡಬೇಕಿತ್ತು. ಹೆರಿಗೆ ಟೇಬಲ್ ಮೇಲೆ ಕೇಳುವ ಪ್ರಶ್ನೆಗೆ ಬೇಡ ಅನ್ನೋದೇ ಉತ್ತರ, ಅಲ್ವಾ?

ಬಾಣಂತನಕ್ಕೆ ಚಿಂತಾಮಣಿ ಕಡೆಯ ತವರಿಗೆ ಹೋದರು. ಮೂರೂವರೆ ತಿಂಗಳಿಗೆ ವಾಪಸ್. "ಹಾಲು ಕುಡಿಸೋವಾಗ ಏನೂ ಆಗಲ್ಲ" ಅಂತ ಎಲ್ಲರೂ ಹೇಳಿದ್ದರು. ಅದು ಪೂರ್ತಿ ಸುಳ್ಳಲ್ಲ. ಮಗುವಿಗೆ 6 ತಿಂಗಳು ದಾಟಿರಬಾರದು, ಮುಟ್ಟು ಶುರುವಾಗಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಈ ಮೂರೂ ಇದ್ದರೆ ಮಾತ್ರ ಅದು ನಿಜ. ಇಲ್ಲಿ ಮಗು ಸಣ್ಣದು ಅಂತ ಮನೆಯ ಹಸುವಿನ ಹಾಲು ಆಗಲೇ ಶುರುವಾಗಿತ್ತು.

ಇಂಜೆಕ್ಷನ್, ಆಮೇಲೆ ಸುಣ್ಣಕಟ್ಟು

ಆಶಾ ಒಳ್ಳೆ ಕೆಲಸಗಾರ್ತಿ. ಮಂಜುಳಾ ತವರಿಂದ ಬಂದ ವಾರದಲ್ಲೇ ಮನೆಗೆ ಹೋಗಿ ಅಂತರಾ ಬಗ್ಗೆ ಹೇಳಿದರು. ಇದು ಬಸಿರಾಗದಂತೆ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಚುಚ್ಚುಮದ್ದು. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತಿದೆ. ಹೆರಿಗೆಯಾಗಿ 6 ವಾರ ಕಳೆದರೆ ಹಾಲೂಡಿಸುವ ತಾಯಿಯೂ ತಗೊಳ್ಳಬಹುದು. ಎದೆಹಾಲು ಕಡಿಮೆಯಾಗಲ್ಲ. ಮಂಜುಳಾ ಹಾಕಿಸಿಕೊಂಡರು. ಗಂಡನೇ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದು.

ಆಶಾ ಹೇಳದೆ ಬಿಟ್ಟ ಒಂದು ಮಾತಿದೆ. ಅಂತರಾ ಹಾಕಿಸಿಕೊಂಡವರಿಗೆ ಮೊದಲ ಕೆಲವು ತಿಂಗಳು ಮುಟ್ಟಿನ ಲೆಕ್ಕ ತಪ್ಪುತ್ತದೆ. ಎರಡು ದಿನಕ್ಕೊಮ್ಮೆ ಸ್ವಲ್ಪ ಕಾಣಿಸಬಹುದು, ಬಿಡದೆ ಎರಡು ಮೂರು ವಾರ ಹೋಗಬಹುದು. ಅಪಾಯ ಇಲ್ಲ. ಜಾಸ್ತಿಯಾದರೆ ಕಡಿಮೆ ಮಾಡುವ ಮಾತ್ರೆ ಡಾಕ್ಟರ್ ಕೊಡುತ್ತಾರೆ. ಇಂಜೆಕ್ಷನ್ ಮುಂದುವರಿಸಿದರೆ ಬರಬರುತ್ತಾ ಮುಟ್ಟೇ ನಿಂತುಹೋಗುವುದೂ ಉಂಟು. ಯಾಕೆ ಹೇಳಲಿಲ್ಲ ಅಂತ ಆಮೇಲೆ ಕೇಳಿದೆ. ನೇರವಾಗಿಯೇ ಉತ್ತರ ಕೊಟ್ಟರು. "ಅದನ್ನ ಹೇಳಿದ್ರೆ ಯಾರು ಹಾಕಿಸ್ಕೊಳ್ತಾರೆ ಮೇಡಂ?"

ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾನು ತರಬೇತಿಗೆ ಒಯ್ಯುತ್ತಿದ್ದ ಚಾರ್ಟಿನಲ್ಲೂ 'ಮುಟ್ಟಿನಲ್ಲಿ ಏರುಪೇರು' ಅನ್ನುವ ಎರಡೇ ಪದ ಇದ್ದವು. ತಲೆನೋವು, ತೂಕ ಹೆಚ್ಚಾಗುವುದು, ಇವುಗಳ ನಡುವೆ ಎಲ್ಲೋ. ನಾನು ಓದಿ ಮುಂದೆ ಹೋಗುತ್ತಿದ್ದೆ.

ಮಂಜುಳಾಗೆ ಇಂಜೆಕ್ಷನ್ ಆದ ಹತ್ತನೇ ದಿನಕ್ಕೆ ಶುರುವಾಯಿತು. 22 ದಿನ ನಿಲ್ಲಲಿಲ್ಲ. ಜಾಸ್ತಿ ಏನಲ್ಲ, ಬಟ್ಟೆಗೆ ಕಾಣುವಷ್ಟು. ಆದರೆ ಹುಳದ ಮನೆಯ ನಿಯಮಕ್ಕೆ ಜಾಸ್ತಿ, ಕಮ್ಮಿ ಅಂತ ಇಲ್ಲ. ಮೊದಲ ವಾರ ಜಗಲಿಯಲ್ಲಿ ಕೂತರು. ಅತ್ತೆ ಒಬ್ಬರೇ ಹುಳ ನೋಡಿಕೊಂಡರು. ಎರಡನೇ ವಾರ ಅತ್ತೆ ಕೇಳಿದರು, "ಇದೇನೇ, ಇನ್ನೂ ನಿಂತಿಲ್ವಾ? ಆಸ್ಪತ್ರೆಗಾದ್ರೂ ಹೋಗಿ ಬಾ." ಕಾಳಜಿಯಿಂದಲೇ ಕೇಳಿದ್ದು. ಅಷ್ಟರಲ್ಲಿ ಹುಳ ನಾಲ್ಕನೇ ಜ್ವರ ಎದ್ದಿತ್ತು. ಅತ್ತೆಗೆ ಮಂಡಿ ನೋವು. ಕೂಲಿಗೆ ಹೆಂಗಸರು ಸಿಗುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಹುಳ ಇತ್ತು. ಮಂಜುಳಾ ಒಂದು ದಿನ ತಲೆಗೆ ನೀರು ಹಾಕಿಕೊಂಡು "ನಿಂತಿದೆ" ಅಂತ ಹೇಳಿ ಒಳಗೆ ಹೋದರು.

ನಿಂತಿರಲಿಲ್ಲ.

ಆ ಬೆಳೆಗೆ ಸುಣ್ಣಕಟ್ಟು ಬಿತ್ತು. ಸತ್ತ ಹುಳ ಗಟ್ಟಿಯಾಗಿ, ಬೆಳ್ಳಗೆ, ಬಳಪದ ಚೂರಿನ ಹಾಗೆ ಆಗುವ ರೋಗ. 100 ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೇ ಇಲ್ಲಿ ಒಂದು ಮೊಟ್ಟೆ ಅನ್ನುತ್ತಾರೆ) 60 ಕೆಜಿ ಗೂಡು ಎತ್ತುತ್ತಿದ್ದ ಮನೆಗೆ 15 ಕೆಜಿಯೂ ಬರಲಿಲ್ಲ. ಸುಣ್ಣಕಟ್ಟು ಬರುವುದು ಬೂಷ್ಟಿನಿಂದ. ಚಳಿ, ತೇವ ಅದಕ್ಕೆ ಹಬ್ಬ. ಕಾರ್ತಿಕದ ಚಳಿ, ಜೊತೆಗೆ ಜಡಿಮಳೆ, ಹಿಂದಿನ ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿಯಲ್ಲಿ ಮನೆ ಸರಿಯಾಗಿ ತೊಳೆಯಲು ಹೊತ್ತು ಸಿಗದಿದ್ದದ್ದು, ಇಷ್ಟೇ ಸಾಕು. ಅದೇ ವಾರ ಊರಿನ ಇನ್ನೂ ಮೂರು ಮನೆಗೆ ಬಿದ್ದಿತ್ತು. ಆ ಮೂರು ಮನೆಯಲ್ಲಿ ಯಾರೂ ಅಂತರಾ ಹಾಕಿಸಿಕೊಂಡಿರಲಿಲ್ಲ.

ಮಂಜುಳಾ ಇದನ್ನು ಯಾರಿಗೂ ಹೇಳಲಿಲ್ಲ. ಗಂಡನಿಗೂ. "ನನ್ನಿಂದಾನೇ ಆಯ್ತು ಅಂತ ನಂಗೆ ಗೊತ್ತಿತ್ತು" ಅಂದರು ನನ್ನ ಹತ್ತಿರ, ಹತ್ತು ತಿಂಗಳಾದ ಮೇಲೆ, ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು. ಸುಣ್ಣಕಟ್ಟು ಹೇಗೆ ಬರುತ್ತೆ ಅಂತ ಪಿಯುಸಿ ಓದಿದ ಅವರಿಗೆ ಗೊತ್ತಿಲ್ಲದ್ದಲ್ಲ. ರೇಷ್ಮೆ ಇಲಾಖೆಯವರು ಬಂದು ಹೇಳಿದ್ದು ಅವರಿಗೆ ಬಾಯಿಪಾಠ. ಆದರೂ ಗೊತ್ತಿತ್ತು ಅಂದರು.

ಎರಡನೇ ಇಂಜೆಕ್ಷನ್‌ಗೆ ಹೋಗಲಿಲ್ಲ. ಹೇಳಿದ ದಿನಕ್ಕಿಂತ 4 ವಾರ ತಡವಾದರೂ ಹಾಕಿಸಿಕೊಳ್ಳಬಹುದಿತ್ತು. ಆಶಾ ಎರಡು ಸಲ ಬಂದು ಕರೆದರು. ಒಂದು ಸಲ ಹುಳ ಹಣ್ಣಾಗುತ್ತಿತ್ತು, ಇನ್ನೊಂದು ಸಲ ಮಗಳಿಗೆ ಜ್ವರ. ಆಶಾ ಡೈರಿಯಲ್ಲಿ 'ಆಸಕ್ತಿ ಇಲ್ಲ' ಅಂತ ಬರೆದುಕೊಂಡರು. ನಾನು ಆ ಪುಟ ನೋಡಿದ್ದೇನೆ.

ಮಾತ್ರೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಜೆಕ್ಷನ್ ಬೇಡ ಅಂದ ಮೇಲೆ ಆಶಾ ಛಾಯಾ ಮಾತ್ರೆ ಕೊಟ್ಟರು. ಲಖನೌದ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು. 1991ರಿಂದ ಸಹೇಲಿ ಅನ್ನುವ ಹೆಸರಲ್ಲಿ ಸಿಗುತ್ತಿತ್ತು. ಇದರಲ್ಲಿ ಹಾರ್ಮೋನ್ ಇಲ್ಲ, ಹಾಲೂಡಿಸುವವರಿಗೆ ತೊಂದರೆ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮಂಜುಳಾ ಭಾನುವಾರ, ಬುಧವಾರ ಅಂತ ಗುರುತಿಟ್ಟುಕೊಂಡರು.

ಹುಳ ಇಲ್ಲದ ವಾರಗಳಲ್ಲಿ ಒಂದೂ ತಪ್ಪಲಿಲ್ಲ. ನಾಲ್ಕನೇ ಜ್ವರ ಎದ್ದ ವಾರದಲ್ಲಿ ಭಾನುವಾರ ಯಾವುದು, ಬುಧವಾರ ಯಾವುದು? ರಾತ್ರಿ 11ಕ್ಕೆ ಕೊನೆಯ ಸೊಪ್ಪು, ಬೆಳಗಿನ ಜಾವ 4ಕ್ಕೆ ಮೊದಲ ಸೊಪ್ಪು. ಎರಡು ಬೆಳೆಯಲ್ಲಿ ಎರಡು ಸಲ ತಪ್ಪಿತು. 7 ದಿನಕ್ಕಿಂತ ಜಾಸ್ತಿ ತಪ್ಪಿದರೆ ಹೊಸದಾಗಿ ವಾರಕ್ಕೆ ಎರಡರಿಂದ ಶುರು ಮಾಡಬೇಕು ಅಂತ ಗೊತ್ತಿರಲಿಲ್ಲ. ಛಾಯಾ ತಗೊಳ್ಳುವಾಗ ಮುಟ್ಟು ತಡವಾಗುವುದು ಮಾಮೂಲು ಅಂತ ಮಾತ್ರ ಈ ಸಲ ಆಶಾ ಮರೆಯದೆ ಹೇಳಿದ್ದರು. ಆ ಮಾತೇ ತೊಡಕಾಯಿತು. ತಿಂಗಳು ತಪ್ಪಿದಾಗ ಮಂಜುಳಾ ಮಾತ್ರೆಯಿಂದ ಇರಬೇಕು ಅಂತ ಸುಮ್ನಿದ್ದರು. ವಾಕರಿಕೆ ಬಂದ ಮೇಲೆ ಕಿಟ್ ತಂದು ನೋಡಿದರು. ಆಗಲೇ ಒಂಬತ್ತು ವಾರ ದಾಟಿತ್ತು.

ನಿರೋಧ್? ಉಪಕೇಂದ್ರದ ಬಾಗಿಲಲ್ಲೇ ಡಬ್ಬಿ ಇದೆ. ಡಬ್ಬಿಯ ಎದುರಿಗೇ ಹಾಲಿನ ಡೇರಿ. ಬೆಳಿಗ್ಗೆ ಸಂಜೆ ಊರೆಲ್ಲ ಕ್ಯಾನ್ ಹಿಡಿದು ಅಲ್ಲಿ ನಿಂತಿರುತ್ತದೆ. ಪೇಟೆಯ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕಿರುವುದು ಇವರ ಊರಿನ ಹುಡುಗನೇ.

ಆಸ್ಪತ್ರೆಯಲ್ಲಿ

ಈಗ ಫೋನ್ ಬಂದ ದಿನಕ್ಕೆ ಬರೋಣ. ನಾನು ಹೋಗುವ ಹೊತ್ತಿಗೆ ಇಬ್ಬರೂ ಹೊರಗೆ ಬೆಂಚಿನ ಮೇಲಿದ್ದರು. ಒಳಗೆ ಸಿಬ್ಬಂದಿಯೊಬ್ಬರ ಹತ್ತಿರ ಮಾತಾಡಿದೆ. "ನಾವು ಹೇಳೋದು ಅವಳ ಒಳ್ಳೇದಕ್ಕೇ ಮೇಡಂ. ಈಗ ತೆಗೆದು ಕಳಿಸಿದ್ರೆ ಆರು ತಿಂಗಳಿಗೆ ಮತ್ತೆ ಬರ್ತಾಳೆ. ಗಂಡ ಆಮೇಲೆ ಬಂದು ಗಲಾಟೆ ಮಾಡಿದ್ರೆ ಯಾರು ಹೊಣೆ?" ಅವರು ಕೆಟ್ಟವರಾಗಿ ಕಾಣಲಿಲ್ಲ. ಅಂಥ ಗಲಾಟೆ ಒಂದೆರಡು ಸಲ ನೋಡಿರಬೇಕು.

ಆದರೆ ಕಾನೂನು ಹಾಗಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ 2021ರಲ್ಲಿ ತಿದ್ದುಪಡಿಯಾಗಿದೆ. ಗರ್ಭನಿರೋಧಕ ಕೈಕೊಟ್ಟು ಬಸಿರಾಗಿದ್ದರೆ ಅದೇ ಒಂದು ಕಾರಣ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 18 ತುಂಬಿದವಳ ಒಪ್ಪಿಗೆ ಒಂದೇ ಸಾಕು. ಗಂಡನ ಸಹಿ ಬೇಕಿಲ್ಲ. ಅಷ್ಟೇ ಅಲ್ಲ, ಸಂತಾನಹರಣ ಆಪರೇಷನ್ನಿಗೂ ಗಂಡನ ಒಪ್ಪಿಗೆ ಬೇಕಿಲ್ಲ ಅಂತ ಸರ್ಕಾರದ ನಿಯಮದಲ್ಲೇ ಇದೆ. ಒಂದಕ್ಕೆ ಇನ್ನೊಂದನ್ನು ಗಂಟು ಹಾಕುವ ಹಾಗೂ ಇಲ್ಲ. ಡಾಕ್ಟರಿಗೆ ಇದೆಲ್ಲ ಗೊತ್ತಿತ್ತು. ಅವರ ಹತ್ತಿರ ಮಾತಾಡಲು ಐದು ನಿಮಿಷ ಸಾಕಾಯಿತು. ಆಶಾಗೆ ಆ ಬಾಗಿಲವರೆಗೆ ಹೋಗಲು ಮೂರು ಗಂಟೆ ಸಾಕಾಗಿರಲಿಲ್ಲ.

ಮುಂದೆ ಏನು ಬೇಕು ಅಂತ ಕೂತು ಮಾತಾಡಿದ್ದು ಆಮೇಲೆ. ಸುಣ್ಣಕಟ್ಟಿನ ವಿಷಯ ಹೊರಬಂದದ್ದೂ ಆಗಲೇ. ಅಂತರಾ ಯಾಕೆ ಬಿಟ್ಟಿರಿ ಅಂತ ಕೇಳಿದ್ದೆ, ಹೆದರಿಕೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹುಳದ ಕಥೆ ಹೇಳಿದರು. ಪಕ್ಕದಲ್ಲಿದ್ದ ಆಶಾ ಬಾಯಿ ಮೇಲೆ ಕೈ ಇಟ್ಟುಕೊಂಡರು. ಅವರ ಮನೆಯಲ್ಲೂ ಹುಳ ಇದೆ.

ಈ ಸಲ ನಾನು ರಕ್ತಸ್ರಾವದಿಂದಲೇ ಶುರು ಮಾಡಿದೆ. ವಂಕಿ ಹಾಕಿಸಿಕೊಂಡರೆ ಮೊದಲ 3 ರಿಂದ 6 ತಿಂಗಳು ಮುಟ್ಟು ಜೋರಾಗಿರಬಹುದು, ಒಂದೆರಡು ದಿನ ಜಾಸ್ತಿ ಹೋಗಬಹುದು, ಹೊಟ್ಟೆನೋವು ಇರಬಹುದು. ಆಮೇಲೆ ಹಿಡಿತಕ್ಕೆ ಬರುತ್ತದೆ. ಮಾದರಿ ನೋಡಿಕೊಂಡು 5 ವರ್ಷ ಅಥವಾ 10 ವರ್ಷ ಇರುತ್ತದೆ. ಬೇಡ ಅಂದ ದಿನ ತೆಗೆಸಬಹುದು. ಅಂತರಾ ಮತ್ತೆ ಶುರು ಮಾಡಿದರೆ ಮೊದಲ ತಿಂಗಳುಗಳು ಹಿಂದಿನ ಸಲದ ಹಾಗೇ ಇರಬಹುದು, ಆಮೇಲೆ ಮುಟ್ಟೇ ಬಾರದಿರಬಹುದು. ಇದನ್ನು ಕೇಳಿ ಅವರು ನನ್ನನ್ನೇ ನೋಡಿದರು. "ಅಂದ್ರೆ ಬಿಡದೆ ಹಾಕಿಸ್ಕೊಂಡಿದ್ರೆ ನಾನು ಹುಳದ ಮನೇಲೇ ಇರಬಹುದಿತ್ತಾ?"

ಇರಬಹುದಿತ್ತು.

ಸ್ವಲ್ಪ ಹೊತ್ತು ಯೋಚನೆ ಮಾಡಿ ವಂಕಿ ಅಂದರು. ಗರ್ಭಪಾತದ ಹೊತ್ತಿನಲ್ಲೇ ಹಾಕಬಹುದು, ಇಲ್ಲದಿದ್ದರೆ 12 ದಿನದೊಳಗೆ ಬಂದರೂ ಆಗುತ್ತದೆ ಅಂದೆ. "ಎರಡು ಸಲ ಯಾಕೆ ಹೊರಗೆ ಕೂರ್ಲಿ ಮೇಡಂ? ಒಂದೇ ಸಲ ಆಗಿಹೋಗ್ಲಿ." ಮನೆಯಲ್ಲಿ ಆಗ ಹುಳ ಇರಲಿಲ್ಲ. ಹೊಸ ಚಾಕಿ ಹುಳ, ಅಂದರೆ ಎಳೆಯ ಹುಳ, ಬರಲು ಇನ್ನೂ ಹತ್ತು ದಿನ ಇತ್ತು. ಅದನ್ನು ಲೆಕ್ಕ ಹಾಕಿಯೇ ಅವರು ಆಸ್ಪತ್ರೆಗೆ ಬಂದಿದ್ದರು. ಆ ಲೆಕ್ಕ ನನಗೂ ಆಶಾಗೂ ಅಲ್ಲಿವರೆಗೆ ಹೊಳೆದೇ ಇರಲಿಲ್ಲ.

ಗಂಡ, ಅತ್ತೆ

ಗಂಡನನ್ನು ಎರಡು ಸಲ ಭೇಟಿಯಾದೆ. ಮೃದು ಮನುಷ್ಯ. ಗಂಡಸರ ಆಪರೇಷನ್ ಬಗ್ಗೆ ತೆಗೆದೆ. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಸಣ್ಣ ತೂತಿನಲ್ಲಿ ಕೆಲವೇ ನಿಮಿಷದ ಕೆಲಸ. ಆಮೇಲೆ ಮೂರು ತಿಂಗಳು ಬೇರೆ ಸಾಧನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಆಯಿತು. ಅವರು ತಲೆ ಬಗ್ಗಿಸಿ ಕೇಳಿಸಿಕೊಂಡರು. "ಸೊಪ್ಪಿನ ಹೊರೆ ಹೊರಬೇಕಲ್ಲ ಮೇಡಂ." ಹೊರೆ ಮಂಜುಳಾ ಕೂಡ ಹೊರುತ್ತಾರೆ ಅಂದೆ. ನಕ್ಕರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 37.9 ಮಂದಿಯ ಆಸರೆ ಹೆಂಗಸರ ಆಪರೇಷನ್. ಗಂಡನ ಆಪರೇಷನ್ ನಂಬಿಕೊಂಡವರು ನೂರಕ್ಕೆ 0.3. ಆ 0.3ರೊಳಗೆ ಇವರನ್ನು ಸೇರಿಸಲು ನನ್ನಿಂದಾಗಲಿಲ್ಲ. "ಉಗಾದಿ ಆಗ್ಲಿ, ನೋಡೋಣ" ಅಂದಿದ್ದಾರೆ. ಆ ಉಗಾದಿ ಕಳೆದಿದೆ.

ಅತ್ತೆಯದು ಬೇರೆ. 25ನೇ ವಯಸ್ಸಿಗೆ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಿಕೊಂಡವರು. ಸ್ಕೂಲಿನ ಕೊಠಡಿಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿಸಿದ್ದರಂತೆ. ಎಂಟನೇ ದಿನಕ್ಕೆ ಸೊಪ್ಪು ಕೊಯ್ಯಲು ಹೋದರಂತೆ. "ನಮಗೆ ಆಗ ಇದೊಂದೇ ಇತ್ತು. ಬೇಕಾ ಬೇಡ್ವಾ, ಎರಡೇ ಮಾತು" ಅಂದರು. ಸೊಸೆಗೆ ಯಾಕೆ ಅಷ್ಟು ದಿನ ಹೋಗುತ್ತಿತ್ತು ಅನ್ನುವುದು ಅವರಿಗೆ ಗೊತ್ತಾದದ್ದೂ ಆವತ್ತೇ. ಇಂಜೆಕ್ಷನ್ನಿಂದ ಅಂತ ಹೇಳಿದೆ. "ಅಷ್ಟೇನಾ? ನಾನು ಗರ್ಭಕೋಶದಲ್ಲಿ ಗಡ್ಡೆ ಏನೋ ಅಂತ ಹೆದರಿದ್ದೆ." ಸುಣ್ಣಕಟ್ಟಿನ ವಿಷಯ ನಾನು ಎತ್ತಲಿಲ್ಲ. ಅದು ಮಂಜುಳಾ ಹೇಳಬೇಕಾದ ಮಾತು. ಇವತ್ತಿನವರೆಗೂ ಹೇಳಿಲ್ಲ.

ಆಮೇಲೆ

ವಂಕಿ ಹಾಕಿಸಿಕೊಂಡ ಮೊದಲ ಎರಡು ಮುಟ್ಟು ಜೋರಾಗಿತ್ತು. ಕಬ್ಬಿಣಾಂಶದ ಮಾತ್ರೆ, ನೋವಿಗೆ ಮಾತ್ರೆ ಕೊಟ್ಟರು. ಮೂರನೆಯದು ಏಳು ದಿನ. ಅದು ಬಂದದ್ದು ಸರಿಯಾಗಿ ಹುಳ ಹಣ್ಣಾಗುವ ದಿನ. ಎಲ್ಲ ಹುಳವೂ ಒಟ್ಟಿಗೇ ಹಣ್ಣಾಗಿತ್ತು. ಸಂಜೆಯೊಳಗೆ ಆರಿಸಿ ಚಂದ್ರಂಕಿಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತಿತ್ತು. ಕೂಲಿಯವರು ಇಲ್ಲ. ಮಂಜುಳಾ ಜಗಲಿಯಲ್ಲಿದ್ದರು. ಮಧ್ಯಾಹ್ನ 2ಕ್ಕೆ ಒಳಗಿಂದ ಅತ್ತೆ ಕೂಗಿದರು, "ಸ್ನಾನ ಮಾಡ್ಕೊಂಡು ಬಾರೇ ಒಳಗೆ, ಕೈ ಸಾಲ್ತಿಲ್ಲ."

ಹೋದರು. ಆ ಬೆಳೆ 58 ಕೆಜಿ. ಅದಾದ ಮೇಲಿನ ಬೆಳೆಗೆ ಮತ್ತೆ ಜಗಲಿಯೇ. ಕೂಲಿಯವರು ಸಿಕ್ಕಿದ್ದರು.

ಆಶಾ ಡೈರಿಯಲ್ಲಿ 'ಆಸಕ್ತಿ ಇಲ್ಲ' ಅನ್ನುವ ಸಾಲನ್ನು ಹೊಡೆದು ಹಾಕಿದ್ದಾರೆ. ಹೋದ ತಿಂಗಳು ಅವರ ಡೈರಿ ತಿರುವಿ ನೋಡಿದೆ. ಅಂತರಾ ಮುಂದಿನ ದಿನಾಂಕ ಬರೆಯುವ ಕಡೆಯೆಲ್ಲ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಏನೋ ಇತ್ತು. ಕನ್ನಡಕ ಹಾಕಿಕೊಂಡು ಓದಿದೆ. 'ಹುಳ 2ನೇ ಜ್ವರ.' 'ಹುಳ ಇಲ್ಲ, ಈಗ್ಲೇ ಕರೀಬೇಕು.' 'ಗೂಡು ಬಿಡಿಸಿದ ಮೇಲೆ.'